ನೆಲಕ್ಕೆ ನೆಲ ಕೂಡಿಸುವ ಲೆಕ್ಕ

ಉತ್ತರ ಕನ್ನಡದ ಸೋಂದಾದಲ್ಲಿ ಒಬ್ಬರ ಹೆಸರಿನಲ್ಲಿ ಎರಡು ಸರ್ವೆ ನಂಬರಿನ ಅಡಿಕೆ ತೋಟ ಇದೆ ಎಂದಿಟ್ಟುಕೊಳ್ಳಿ. ಪಹಣಿಯಲ್ಲಿ ಒಂದರ ವಿಸ್ತೀರ್ಣ 2-35-8, ಇನ್ನೊಂದರದು 1-12-12. ಎರಡೂ ಸೇರಿ ಎಷ್ಟು? ಜಮೀನಿನ ವ್ಯವಹಾರ ಬಲ್ಲವರು ಬಲಗಡೆಯಿಂದ ಶುರುಮಾಡುತ್ತಾರೆ. ಎಂಟು ಆಣೆಗೆ ಹನ್ನೆರಡು ಆಣೆ ಸೇರಿದರೆ ಇಪ್ಪತ್ತು. ಅದರಲ್ಲಿ ಹದಿನಾರು ಆಣೆಗೆ ಒಂದು ಗುಂಟೆ, ಮಿಕ್ಕದ್ದು ನಾಲ್ಕು ಆಣೆ. ಮೂವತ್ತೈದು ಗುಂಟೆ, ಹನ್ನೆರಡು ಗುಂಟೆ, ದಶಕ ಬಂದದ್ದೊಂದು, ಒಟ್ಟು ನಲವತ್ತೆಂಟು. ನಲವತ್ತಕ್ಕೆ ಒಂದು ಎಕರೆ ಹೋಗಿ ಎಂಟು ಗುಂಟೆ. ಎಕರೆ ನಾಲ್ಕು. ಉತ್ತರ 4-8-4. ಕಾಗದವೂ ಬೇಕಾಗುವುದಿಲ್ಲ.

ಇದನ್ನೇ ಬೀಜಗಣಿತ ಮಾಡುವ ಒಂದು ತಂತ್ರಾಂಶಕ್ಕೆ ಕೊಟ್ಟು ನೋಡಿ: (2-35-8) + (1-12-12). ಕ್ಷಣದಲ್ಲಿ ಉತ್ತರ ಬರುತ್ತದೆ: −64. ನಡುವಿನ ಅಡ್ಡಗೆರೆಯನ್ನು ಅದು ಕಳೆಯುವ ಚಿಹ್ನೆ ಎಂದು ಓದಿಕೊಂಡಿದೆ. ಗೆರೆ ಬಿಟ್ಟು ಮೂರು ಅಂಕೆಗಳ ಪಟ್ಟಿಯಾಗಿ ಕೊಟ್ಟರೆ 3, 47, 20 ಎನ್ನುತ್ತದೆ. ಇದು ತಪ್ಪೆಂದು ಹೇಳುವಂತಿಲ್ಲ, ಆದರೆ ಹಾಗೆ ಬರೆದ ಪಹಣಿಯನ್ನು ಯಾವ ಗ್ರಾಮ ಆಡಳಿತಾಧಿಕಾರಿಯೂ ಒಪ್ಪುವುದಿಲ್ಲ. ಎಕರೆ, ಗುಂಟೆ, ಆಣೆ ಎಂಬ ಲೋಕವೇ ಅದಕ್ಕೆ ಗೊತ್ತಿಲ್ಲ. ಅದನ್ನು ನಾವು ಕಟ್ಟಿಕೊಡಬೇಕು. ಹಾಗೆ ಕಟ್ಟಿಕೊಡುವ ಕೆಲಸದಲ್ಲಿ, ಕೂಡುವುದು ಎಂದರೇನು ಎಂಬ ಹಳೆಯ ಪ್ರಶ್ನೆ ಮತ್ತೆ ಎದುರಾಗುತ್ತದೆ.

ಮೊದಲು ವಸ್ತುವನ್ನೇ ಸರಿಯಾಗಿ ನೋಡೋಣ. ನಮ್ಮ ಸರ್ವೆಯ ಹಳೆಯ ಸರಪಳಿಯ ಉದ್ದ 33 ಅಡಿ, ಅದರಲ್ಲಿ 16 ಆಣೆ. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಇರುವ ಚೌಕ ಒಂದು ಗುಂಟೆ: 1,089 ಚದರಡಿ. ಅಂಥ ನಲವತ್ತು ಸೇರಿದರೆ 43,560 ಚದರಡಿ, ಅಂದರೆ ಒಂದು ಎಕರೆ. ಗುಂಟೆಯ ಹದಿನಾರನೆಯ ಒಂದು ಪಾಲು ಆಣೆ, 68 ಚದರಡಿಗೆ ತುಸು ಹೆಚ್ಚು. ಹಾಗಾಗಿ ಒಳಗಡೆ ಎಲ್ಲವನ್ನೂ ಆಣೆಯಲ್ಲೇ ಇಟ್ಟುಕೊಂಡು, ತೋರಿಸುವಾಗ ಮಾತ್ರ ಮೂರಾಗಿ ಒಡೆಯುವುದು ಒಳ್ಳೆಯ ದಾರಿ. 4-8-4 ಎಂದರೆ 2,692 ಆಣೆ; 3-47-20 ಕೂಡ ಅಷ್ಟೇ. ಒಂದೇ ನೆಲಕ್ಕೆ ಎರಡು ಬರಹ ಇದ್ದರೆ, ಎರಡೂ ಒಂದೇ ಎಂದು ಯಂತ್ರಕ್ಕೆ ತಿಳಿಯಬೇಕು. ಅದಕ್ಕಾಗಿ ಪ್ರತಿ ವಸ್ತುವಿಗೂ ಒಂದೇ ಒಂದು ನಿಶ್ಚಿತ ರೂಪ ಬೇಕು.

ಇನ್ನು ಈ ವಸ್ತು ಏನೇನು ಮಾಡಬಲ್ಲದು? ನೆಲಕ್ಕೆ ನೆಲ ಕೂಡಬಹುದು. ನೆಲದಿಂದ ನೆಲ ಕಳೆಯಬಹುದು. ಪಹಣಿಯಲ್ಲಿ ಒಟ್ಟು ವಿಸ್ತೀರ್ಣದಿಂದ ಖರಾಬು ಕಳೆಯುವುದು ಅದೇ ತಾನೆ. 4-8-4ರಲ್ಲಿ 0-12-6 ಖರಾಬು ಹೋದರೆ 3-35-14 ಸಾಗುವಳಿಗೆ ಉಳಿಯುತ್ತದೆ. ಆದರೆ ಇದ್ದದ್ದಕ್ಕಿಂತ ಹೆಚ್ಚು ಕಳೆಯುವಂತಿಲ್ಲ, ಋಣ ನೆಲ ಎಂಬುದಿಲ್ಲ. ನೆಲವನ್ನು ಸಂಖ್ಯೆಯಿಂದ ಗುಣಿಸಬಹುದು, ಸಂಖ್ಯೆಯಿಂದ ಭಾಗಿಸಿ ಹಿಸ್ಸೆ ಮಾಡಬಹುದು. ನೆಲವನ್ನು ನೆಲದಿಂದ ಭಾಗಿಸಿದರೆ ಬರುವುದು ನೆಲವಲ್ಲ, ಬರೀ ಸಂಖ್ಯೆ: ಅವರ ತೋಟ ನಮ್ಮದಕ್ಕಿಂತ ಎಷ್ಟು ಪಟ್ಟು ಎಂಬುದು. ನೆಲವನ್ನು ನೆಲದಿಂದ ಗುಣಿಸಿದರೆ ಮಾತ್ರ ಅರ್ಥವೇ ಇಲ್ಲ. ಇಷ್ಟೂ ನಿಯಮಗಳು ತೋಟದವರ ತಲೆಯಲ್ಲಿ ಯಾರೂ ಹೇಳಿಕೊಡದೆ ಇವೆ. 2000ದ ಸುಮಾರಿಗೆ ಕರ್ನಾಟಕದ ‘ಭೂಮಿ’ ಯೋಜನೆ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದಾಗ, ಈ ಮೂರು ಅಂಕೆಗಳ ಲೆಕ್ಕವನ್ನು ಯಂತ್ರಕ್ಕೂ ಹೇಳಿಕೊಡಬೇಕಾಯಿತು.

ಸಾಮಾನ್ಯ ಲೆಕ್ಕದ ಯಂತ್ರಕ್ಕೂ ಬೀಜಗಣಿತದ ತಂತ್ರಾಂಶಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಲೆಕ್ಕದ ಯಂತ್ರಕ್ಕೆ ಬೇಕಾಗಿರುವುದು ಉತ್ತರ. ಬೀಜಗಣಿತದ ತಂತ್ರಾಂಶ ಉಕ್ತಿಯನ್ನೇ, ಅಂದರೆ ‘ಅ + 3ಬ’ ಎಂಬುದನ್ನೇ, ಒಂದು ವಸ್ತುವಾಗಿ ಇಟ್ಟುಕೊಳ್ಳುತ್ತದೆ. ಅ ಎಷ್ಟು, ಬ ಎಷ್ಟು ಎಂದು ಕೇಳದೆಯೇ ಅದನ್ನು ತಿರುವುತ್ತದೆ, ಬಿಡಿಸುತ್ತದೆ, ಚಿಕ್ಕದು ಮಾಡುತ್ತದೆ. ಇಂಥ ತಂತ್ರಾಂಶಗಳಿಗೆ ಅರ್ಧ ಶತಮಾನಕ್ಕೂ ಮೀರಿದ ಇತಿಹಾಸವಿದೆ. ಅಮೆರಿಕದ ಎಂಐಟಿಯಲ್ಲಿ 1968ರಲ್ಲಿ, ಇಂದಿನ ಮ್ಯಾಕ್ಸಿಮಾ (Maxima) ತಂತ್ರಾಂಶದ ಪೂರ್ವಜ ‘ಮ್ಯಾಕ್‌ಸಿಮಾ’ದ (Macsyma) ಕೆಲಸ ಶುರುವಾಯಿತು. ಟೆಕ್ಸಾಸ್ ವಿಶ್ವವಿದ್ಯಾಲಯದ ವಿಲಿಯಂ ಶೆಲ್ಟರ್ ಅದರ ಒಂದು ಪ್ರತಿಯನ್ನು ವರ್ಷಗಟ್ಟಲೆ ಒಬ್ಬರೇ ಕಾಪಾಡಿಕೊಂಡು ಬಂದು, 1998ರಲ್ಲಿ ಅನುಮತಿ ಪಡೆದು ಎಲ್ಲರಿಗೂ ಮುಕ್ತಗೊಳಿಸಿದರು. ಈಗ ಯಾವ ಹಳ್ಳಿಯ ಹುಡುಗಿಯೂ ಅದನ್ನು ದುಡ್ಡು ಕೊಡದೆ ಇಳಿಸಿಕೊಳ್ಳಬಹುದು. 1988ರಲ್ಲಿ ಮ್ಯಾಥಮ್ಯಾಟಿಕಾ ಬಂತು. ಪೈಥಾನ್ ಭಾಷೆಯಲ್ಲಿ ಬರೆದ ಸಿಂಪೈ ಅವಕ್ಕಿಂತ ಕಿರಿಯದು, ಅದೂ ಉಚಿತ.

ಇವೆಲ್ಲಕ್ಕೂ ಕೂಡುವ ಚಿಹ್ನೆಯ ಬಗ್ಗೆ ಕೆಲವು ಹುಟ್ಟುಗುಣಗಳಿವೆ. ಕೂಡುವ ಪದಗಳನ್ನು ಅವು ತಮಗೆ ಬೇಕಾದ ಕ್ರಮದಲ್ಲಿ ಜೋಡಿಸಿಕೊಳ್ಳುತ್ತವೆ. ಆವರಣದೊಳಗೆ ಆವರಣವಿದ್ದರೆ ತೆಗೆದುಹಾಕುತ್ತವೆ. ‘ಅ + ಅ’ ಕಂಡರೆ ‘2ಅ’ ಎಂದೂ ‘ಅ × ಅ’ ಕಂಡರೆ ‘ಅ ವರ್ಗ’ ಎಂದೂ ಮಾಡುತ್ತವೆ. ಸಂಖ್ಯೆಗಳಿಗೆ ಇದೆಲ್ಲ ಸರಿ. ನಾವು ಹೊಸದೊಂದು ವಸ್ತುವನ್ನು ತಂದಾಗಲೂ, ತಡೆಯದಿದ್ದರೆ, ಅವು ಇದನ್ನೇ ಮಾಡುತ್ತವೆ. ಸಿಂಪೈಯಲ್ಲಿ ಹೊಸ ವಸ್ತುವಿಗೆ ಕೂಡುವ ನಿಯಮ ಕೊಡದೆ ಅದಕ್ಕೆ ಅದನ್ನೇ ಕೂಡಿದರೆ, ‘2 × ನೆಲ’ ಎಂಬ ಅರೆಬೆಂದ ಉತ್ತರ ಬಂದು ನಿಲ್ಲುತ್ತದೆ. ಕೂಡುವುದರ ಜೊತೆಗೆ ಗುಣಿಸುವುದನ್ನೂ ಹೇಳಿಕೊಡದೆ ಗತಿಯಿಲ್ಲ.

ಹಾಗಾದರೆ ನಿಯಮ ಹೇಗಿರಬೇಕು? ಬರೆಯುವುದು ಸುಲಭ:

ನೆಲ(ಅ) + ನೆಲ(ಬ) → ನೆಲ(ಅ + ಬ)

ಎಡಗಡೆಯ ಆಕಾರ ಎಲ್ಲಿ ಕಂಡರೂ ಬಲಗಡೆಯದನ್ನು ಇಡು, ಇಷ್ಟೇ ಅದರ ಅರ್ಥ. ಎಡಗಡೆಯ ಕೂಡು ನಾವು ಹುಟ್ಟಿಸಿದ್ದು, ಬಲಗಡೆಯ ಕೂಡು ಆಣೆಗಳ ಸಂಖ್ಯೆಯನ್ನು ಕೂಡುವ ಹಳೆಯದು. ನಿಜವಾದ ಪ್ರಶ್ನೆ ಇದನ್ನು ಎಲ್ಲಿ ಬರೆದಿಡಬೇಕು ಎಂಬುದು. ಕೂಡುವ ಚಿಹ್ನೆಯ ಖಾತೆಯಲ್ಲೋ, ನೆಲದ ಖಾತೆಯಲ್ಲೋ?

ಚಿಹ್ನೆಯ ಖಾತೆಯಲ್ಲಿ ಬರೆದರೆ ಆಗುವುದಿಷ್ಟು. ತಂತ್ರಾಂಶದೊಳಗೆ ಎಲ್ಲಿ ಯಾವ ಎರಡನ್ನು ಕೂಡಿದರೂ, ಅದು ನಮಗೆ ಸಂಬಂಧವೇ ಇಲ್ಲದ ಕಲನಶಾಸ್ತ್ರದ ಲೆಕ್ಕವಾಗಿದ್ದರೂ, ‘ಇದು ನೆಲವೇ?’ ಎಂದು ಒಮ್ಮೆ ಕೇಳಿಯೇ ಮುಂದೆ ಹೋಗಬೇಕಾಗುತ್ತದೆ. ಕೆಲಸ ನಿಧಾನವಾಗುತ್ತದೆ. ನಿಯಮ ಬರೆಯುವಾಗ ಒಂದು ಕಡೆ ಕೈತಪ್ಪಿದರೆ ಎರಡಕ್ಕೆ ಎರಡು ಕೂಡುವುದೂ ಕೆಡಬಹುದು. ಮ್ಯಾಥಮ್ಯಾಟಿಕಾ ಈ ಕಾರಣಕ್ಕೇ ಕೂಡುವ ಚಿಹ್ನೆಗೆ ಬೀಗ ಹಾಕಿಟ್ಟಿದೆ. ನೇರವಾಗಿ ಅದಕ್ಕೆ ನಿಯಮ ಸೇರಿಸಲು ಹೋದರೆ ಬೇಡವೆನ್ನುತ್ತದೆ. ಬದಲಿಗೆ ನಿಯಮವನ್ನು ವಸ್ತುವಿಗೆ ಕಟ್ಟುವ ದಾರಿಯನ್ನು ಕೊಟ್ಟಿದೆ. ಒಂದು ಮೊತ್ತದೊಳಗೆ ‘ನೆಲ’ ಎಂಬುದು ಕಂಡಾಗ ಮಾತ್ರ ಆ ನಿಯಮ ಎಚ್ಚರವಾಗುತ್ತದೆ, ಅದೂ ಯಂತ್ರದ ಸ್ವಂತ ನಿಯಮಗಳಿಗಿಂತ ಮೊದಲು. ಪೈಥಾನ್ ಕೂಡ ಅದೇ ದಾರಿಯದು: ಯಾವ ವರ್ಗದ ವಸ್ತುವೋ ಆ ವರ್ಗವೇ ತನ್ನನ್ನು ಹೇಗೆ ಕೂಡಬೇಕೆಂದು ಹೇಳಬೇಕು. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಇದೇ ಮುಖ್ಯವಾದ ತಿಳಿವಳಿಕೆ. ಚಿಹ್ನೆ ಎಲ್ಲರದು. ಅದರ ಅರ್ಥವನ್ನು ತರಬೇಕಾದದ್ದು ವಸ್ತು.

ವಸ್ತು ಎಡಗಡೆ ಇದ್ದಾಗ ಇದು ಸರಾಗ. ಬಲಗಡೆ ಇದ್ದರೆ? ಹತ್ತಾರು ಸರ್ವೆ ನಂಬರುಗಳ ಒಟ್ಟು ಬೇಕೆಂದು ಪೈಥಾನಿಗೆ ಪಟ್ಟಿ ಕೊಟ್ಟರೆ, ಅದು ಸೊನ್ನೆಯಿಂದ ಶುರುಮಾಡಿ ಒಂದೊಂದಾಗಿ ಕೂಡುತ್ತ ಹೋಗುತ್ತದೆ. ಮೊದಲ ಹೆಜ್ಜೆಯೇ ‘0 + ನೆಲ’. ಸಂಖ್ಯೆಗೆ ನೆಲ ಏನೆಂದು ಗೊತ್ತಿಲ್ಲ, ಅದು ಕೈಚೆಲ್ಲುತ್ತದೆ. ಆಗ ಪೈಥಾನ್ ಬಲಗಡೆಯ ವಸ್ತುವನ್ನು ಕೇಳುತ್ತದೆ: ನಿನ್ನ ಎಡಕ್ಕೆ ಇದು ಬಂದಿದೆ, ನಿನಗೇನಾದರೂ ಗೊತ್ತೇ? ಇದಕ್ಕೆ ಬೇರೆಯೇ ಒಂದು ನಿಯಮ ಬರೆದಿಡಬೇಕು. ಬರೆಯುವಾಗ ಯೋಚನೆ ಬೇಕು: 0 + ನೆಲ ಎಂದರೆ ನೆಲವೇ ಎಂದು ಒಪ್ಪಬಹುದು, 5 + ನೆಲ ಎಂದರೆ ಒಪ್ಪುವಂತಿಲ್ಲ. ಐದು ಏನು? ಎಕರೆಯೋ, ಗುಂಟೆಯೋ, ಮರವೋ?

ಸೊನ್ನೆಯ ನಿಯಮ ಬರೆಯುವಾಗ ಎಡವುವುದು ಹೊಸತೇನಲ್ಲ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ, ‘ಗಣಿತಸಾರಸಂಗ್ರಹ’ ಬರೆದ ಮಹಾ ಗಣಿತಜ್ಞ, ಋಣಸಂಖ್ಯೆಗೆ ವರ್ಗಮೂಲ ಇರುವುದಿಲ್ಲ ಎಂದು ಒಂಬತ್ತನೆಯ ಶತಮಾನದಲ್ಲೇ ಸ್ಪಷ್ಟವಾಗಿ ಹೇಳಿದವನು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಎಂದೂ ಹೇಳಿದ. ಆ ನಿಯಮವನ್ನು ಒಂಟಿಯಾಗಿ ನೋಡಿದರೆ ದೋಷ ಕಾಣುವುದಿಲ್ಲ. ಯಾರಿಗೂ ಹಂಚದೆ ಇದ್ದರೆ ಇದ್ದದ್ದು ಇದ್ದಂತೆಯೇ ಇರುತ್ತದಲ್ಲ ಎಂದು ತೋರುತ್ತದೆ. ಆದರೆ ಭಾಗಿಸಿದ್ದನ್ನು ಅದರಿಂದಲೇ ಗುಣಿಸಿದರೆ ಮೊದಲಿನದು ಬರಬೇಕು ಎಂಬ ಹಳೆಯ ನಿಯಮದ ಪಕ್ಕದಲ್ಲಿ ಇಟ್ಟಾಗ ಬಿರುಕು ಕಾಣುತ್ತದೆ: ಏಳನ್ನು ಸೊನ್ನೆಯಿಂದ ಭಾಗಿಸಿ ಏಳು, ಏಳನ್ನು ಸೊನ್ನೆಯಿಂದ ಗುಣಿಸಿ ಸೊನ್ನೆ, ಏಳು ಸೊನ್ನೆಗೆ ಸಮವಾಗಿಬಿಡುತ್ತದೆ. ತಂತ್ರಾಂಶದಲ್ಲಿ ಹೊಸ ನಿಯಮ ಬರೆಯುವವರು ಅದನ್ನು ಪರೀಕ್ಷಿಸಬೇಕಾದದ್ದೂ ಹೀಗೆಯೇ, ಅದರ ನೆರೆಯ ನಿಯಮಗಳ ಜೊತೆ ಇಟ್ಟು.

ಗುಣಾಕಾರಕ್ಕೆ ಹೊಸ ಅರ್ಥ ಕೊಟ್ಟು ಗೆದ್ದ ಉದಾಹರಣೆಯೂ ನಮ್ಮಲ್ಲೇ ಇದೆ. ಬ್ರಹ್ಮಗುಪ್ತ 628ರಲ್ಲಿ ಸಂಖ್ಯೆಗಳ ಜೋಡಿಗಳನ್ನು ಒಂದಕ್ಕೊಂದು ಬೆರೆಸುವ ‘ಭಾವನಾ’ ಎಂಬ ಕ್ರಮವನ್ನು ಕೊಟ್ಟ. ಮೊದಲನೆಯದರ ವರ್ಗದಲ್ಲಿ ಎರಡನೆಯದರ ವರ್ಗದ ಇಮ್ಮಡಿಯನ್ನು ಕಳೆದರೆ ಒಂದು ಉಳಿಯುವ ಜೋಡಿಗಳು ಬೇಕು ಎನ್ನೋಣ. (3, 2) ಅಂಥದ್ದು: 9ರಲ್ಲಿ 8 ಕಳೆದರೆ 1. (ಅ, ಬ) ಮತ್ತು (ಕ, ಡ) ಜೋಡಿಗಳ ಗುಣಲಬ್ಧ (ಅಕ + 2ಬಡ, ಅಡ + ಬಕ) ಎಂದು ನಿಯಮ ಮಾಡಿ. (3, 2)ನ್ನು ಅದರಿಂದಲೇ ಗುಣಿಸಿದರೆ (17, 12). 289ರಲ್ಲಿ 288 ಹೋಗಿ ಮತ್ತೆ 1. ಇನ್ನೊಮ್ಮೆ ಗುಣಿಸಿದರೆ (99, 70), ಅಲ್ಲೂ 1. 99ನ್ನು 70ರಿಂದ ಭಾಗಿಸಿ ನೋಡಿ, ಎರಡರ ವರ್ಗಮೂಲಕ್ಕೆ ನಾಲ್ಕು ದಶಮಾಂಶ ಸ್ಥಾನದವರೆಗೆ ಹೊಂದುತ್ತದೆ. ಈ ನಿಯಮವನ್ನು ಯಂತ್ರಕ್ಕೆ ಕೊಡುವಾಗ ಒಂದು ಎಚ್ಚರಿಕೆ ಬೇಕು. ‘ಜೋಡಿ × ಜೋಡಿ’ಗೆ ಮಾತ್ರ ನಿಯಮ ಬರೆದು, ಬಳಸುವವರು ‘ಜೋಡಿಯ ಐದನೆಯ ಘಾತ’ ಎಂದು ಕೇಳಿದರೆ, ಯಂತ್ರ ಹಾಗೆಯೇ ನೋಡುತ್ತ ಕೂರುತ್ತದೆ. ಅದರ ಒಳಗೆ ಘಾತವೂ ಗುಣಾಕಾರವೂ ಬೇರೆ ಬೇರೆ ಕ್ರಿಯೆ. ಘಾತಕ್ಕೂ ನಿಯಮ ಬರೆಯಬೇಕು.

ಇಲ್ಲಿಯವರೆಗಿನ ಕೂಡುಗಳಲ್ಲಿ ಎಡಬಲದ ಜಗಳ ಇರಲಿಲ್ಲ. ಎಡಬಲ ಬದಲಾದರೆ ಉತ್ತರವೂ ಬದಲಾಗುವ ಗಣಿತವನ್ನು 1843ರಲ್ಲಿ ಐರ್ಲೆಂಡಿನ ಹ್ಯಾಮಿಲ್ಟನ್ ಕ್ವಾಟರ್ನಿಯನ್ ಎಂಬ ಹೊಸ ಬಗೆಯ ಸಂಖ್ಯೆಗಳ ಗುಣಾಕಾರದಲ್ಲಿ ತೋರಿಸಿದ. ಮ್ಯಾಕ್ಸಿಮಾ ಅಂಥವಕ್ಕೆಂದೇ ಎರಡನೆಯ ಗುಣಾಕಾರದ ಚಿಹ್ನೆಯೊಂದನ್ನು, ಒಂದು ಚುಕ್ಕೆಯನ್ನು, ಇಟ್ಟುಕೊಂಡಿದೆ. ಆದರೆ ಕನ್ನಡ ಶಾಲೆಯಲ್ಲಿ ಓದಿದ ಪ್ರತಿಯೊಬ್ಬರೂ ಇಂಥದ್ದೊಂದು ಚಿಹ್ನೆಯನ್ನು ಎಂಟನೆಯ ತರಗತಿಯೊಳಗೇ ಬಳಸಿದ್ದಾರೆ: ಮಳೆ + ಕಾಲ = ಮಳೆಗಾಲ. ಇಲ್ಲಿ ಎಡಬಲ ತಿರುಗಿಸುವಂತಿಲ್ಲ. ಸಂಧಿಯೆಂಬುದು ಪದಗಳನ್ನು ಕೂಡುವ ಅಂಕಗಣಿತ. ಅದಕ್ಕೆ ಆದೇಶ, ಆಗಮ, ಲೋಪ ಎಂಬ ಮೂರು ಬಗೆಯ ಬದಲಿಕೆಗಳಿವೆ.

ಈ ನಿಯಮಗಳನ್ನು ಸೂತ್ರಗಳಾಗಿ ಕಟ್ಟಿದ ಒಬ್ಬ ದೊಡ್ಡ ವೈಯಾಕರಣ ಉತ್ತರ ಕನ್ನಡದವನೇ. ಭಟ್ಟಾಕಳಂಕ 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಮುಗಿಸಿದ: ಕನ್ನಡದ ಬಗ್ಗೆ ಸಂಸ್ಕೃತದಲ್ಲಿ 592 ಸೂತ್ರಗಳು. ಅವನ ಗುರುಪರಂಪರೆ ಭಟ್ಕಳ ಕಡೆಯ ಹಾಡುವಳ್ಳಿಯ ಜೈನಮಠದ್ದು. ವಾದಿರಾಜ ಮಠ, ಸ್ವರ್ಣವಲ್ಲಿ ಮಠಗಳ ಜೊತೆಗೆ ಸೋಂದಾದಲ್ಲಿ ಸ್ವಾದಿ ಜೈನಮಠವೂ ಇದೆ. ಅದರ ಪೀಠಕ್ಕೆ ಬರುವವರಿಗೆ ಇಂದಿಗೂ ಭಟ್ಟಾಕಳಂಕ ಎಂಬುದೇ ಹೆಸರು. ತಂತ್ರಾಂಶ ಬರೆಯುವವರು ಆ ಪರಂಪರೆಯ ವ್ಯಾಕರಣವನ್ನು ಓದಬೇಕು ಎಂದು ನಾನು ಹೃತ್ಪೂರ್ವಕವಾಗಿ ಹೇಳುತ್ತೇನೆ. ಅಲ್ಲಿ ಬರುವ ಸಮಸ್ಯೆಗಳೂ ಇಲ್ಲಿ ಬರುವ ಸಮಸ್ಯೆಗಳೂ ಒಂದೇ.

ಒಂದು ಉದಾಹರಣೆ. ಊರು + ಅನ್ನು = ಊರನ್ನು. ಗುರು + ಅನ್ನು = ಗುರುವನ್ನು. ಎರಡು ಪದಗಳೂ ‘ರು’ ಎಂದೇ ಮುಗಿಯುತ್ತವೆ. ಒಂದರಲ್ಲಿ ಉಕಾರ ಲೋಪವಾಯಿತು, ಇನ್ನೊಂದರಲ್ಲಿ ವಕಾರ ಆಗಮವಾಯಿತು. ಕೊನೆಯ ಅಕ್ಷರ ನೋಡಿ ನಿಯಮ ಬರೆದರೆ ಒಂದು ಕಡೆ ಕೆಡುವುದು ಖಂಡಿತ. ಊರು ಎಂಬುದರ ಮೂಲ ‘ಊರ್’, ಉಕಾರ ಆಮೇಲೆ ಉಚ್ಚಾರಣೆಯ ಅನುಕೂಲಕ್ಕೆ ಸೇರಿದ್ದು. ಗುರುವಿನ ಉಕಾರ ಪದದ ಅಂಗವೇ. ಅಂದರೆ ಪದವನ್ನು ಯಂತ್ರಕ್ಕೆ ಕೊಡುವಾಗ ಬರೀ ಅಕ್ಷರಗಳನ್ನು ಕೊಟ್ಟರೆ ಸಾಲದು, ಅದರ ಹುಟ್ಟನ್ನೂ ಒಂದು ಗುರುತಾಗಿ ಅಂಟಿಸಿ ಕೊಡಬೇಕು. ಕೂಡುವ ನಿಯಮ ಆ ಗುರುತನ್ನು ನೋಡಿ ನಿರ್ಧರಿಸುತ್ತದೆ.

ಎರಡು ನಿಯಮಗಳು ಒಂದೇ ಜಾಗಕ್ಕೆ ಹಕ್ಕು ಸಾಧಿಸಿದರೆ ಯಾವುದು ಮೇಲು? ನಮ್ಮ ವ್ಯಾಕರಣದಲ್ಲಿ ಸಾಮಾನ್ಯ ನಿಯಮ ಉತ್ಸರ್ಗ, ವಿಶೇಷ ನಿಯಮ ಅಪವಾದ. ಅಪವಾದ ಇರುವಲ್ಲಿ ಉತ್ಸರ್ಗ ಹಿಂದೆ ಸರಿಯುತ್ತದೆ. ಮ್ಯಾಥಮ್ಯಾಟಿಕಾ ಬಳಸುವವರು ಎರಡು ನಿಯಮಗಳನ್ನು ಯಾವ ಕ್ರಮದಲ್ಲಿ ಬರೆದರೂ, ಯಾವುದು ಹೆಚ್ಚು ವಿಶೇಷವೆಂದು ತನಗೆ ತಿಳಿದರೆ ಅದನ್ನೇ ಅದು ಮುಂದಿಡುತ್ತದೆ. ಪಾಣಿನಿಯ ಕಾಲದಿಂದ ಬಂದ ಏರ್ಪಾಡು ಅದೇ.

ಮಳೆ, ಕಾಲ, ಅಲ್ಲಿ ಎಂಬ ಮೂರನ್ನು ಕೂಡಿಸಿ. ಮೊದಲೆರಡನ್ನು ಮೊದಲು ಸೇರಿಸಿದರೂ ಕೊನೆಯೆರಡನ್ನು ಮೊದಲು ಸೇರಿಸಿದರೂ ಸಿಗುವುದು ‘ಮಳೆಗಾಲದಲ್ಲಿ’. ಯಾವ ದಾರಿ ಹಿಡಿದರೂ ಒಂದೇ ಊರು ತಲುಪುವ ಈ ಗುಣ ನಿಯಮಗಳ ಸಮೂಹಕ್ಕೆ ಬೇಕೇ ಬೇಕು. ಇದು ಇದೆಯೇ ಎಂದು ಪರೀಕ್ಷಿಸಿ, ಇಲ್ಲದಿದ್ದರೆ ಕೊರತೆಯ ನಿಯಮಗಳನ್ನು ತಾನೇ ಸೇರಿಸಲು ಪ್ರಯತ್ನಿಸುವ ಒಂದು ವಿಧಾನವನ್ನು ಡೊನಾಲ್ಡ್ ಕ್ನೂತ್ ಮತ್ತು ಪೀಟರ್ ಬೆಂಡಿಕ್ಸ್ 1970ರಲ್ಲಿ ಪ್ರಕಟಿಸಿದರು. ಇನ್ನೊಂದು ಗುಣವೂ ಬೇಕು: ನಿಯಮಗಳು ಎಲ್ಲೋ ಒಂದು ಕಡೆ ನಿಲ್ಲಬೇಕು. ‘ಅ + ಬ → ಬ + ಅ’ ಎಂದು ನಿಯಮ ಬರೆದರೆ ಯಂತ್ರ ಎರಡನ್ನೂ ಹಿಂದೆ ಮುಂದೆ ಮಾಡುತ್ತ ಕೊನೆಯಿಲ್ಲದೆ ತಿರುಗುತ್ತದೆ.

ದಾರಿಗಳು ಬೇರೆ ಬೇರೆ ಕಡೆ ಮುಟ್ಟುವುದು ಹೇಗೆಂದು ಹಿಸ್ಸೆಯಲ್ಲಿ ನೋಡಬಹುದು. 4-8-4 ತೋಟವನ್ನು ಮೂವರು ಅಣ್ಣತಮ್ಮಂದಿರಿಗೆ ಸಮ ಪಾಲು ಮಾಡಬೇಕು. 2,692 ಆಣೆಯನ್ನು ಮೂರರಿಂದ ಭಾಗಿಸಿದರೆ 897 ಆಣೆ, ಮಿಕ್ಕಿದ್ದು ಒಂದು. ತಲಾ 1-16-1. ನಾವು ಭಾಗಾಕಾರದ ನಿಯಮವನ್ನು ‘ಪೂರ್ಣ ಆಣೆಗೆ ಇಳಿಸು’ ಎಂದು ಬರೆದಿದ್ದೇವೆ ಎನ್ನಿ. ಈಗ ಮೂರು ಪಾಲನ್ನೂ ಮತ್ತೆ ಕೂಡಿದರೆ 4-8-3. ಆದರೆ ‘ಮೂರರಿಂದ ಭಾಗಿಸಿ ಮೂರರಿಂದ ಗುಣಿಸು’ ಎಂಬ ಉಕ್ತಿಯನ್ನು ಇಡಿಯಾಗಿ ಕಂಡರೆ, ಬೀಜಗಣಿತ ಬಲ್ಲ ತಂತ್ರಾಂಶ ಎರಡು ಮೂರುಗಳನ್ನೂ ಹೊಡೆದುಹಾಕಿ 4-8-4 ಎನ್ನುತ್ತದೆ. ಒಂದೇ ಪ್ರಶ್ನೆಗೆ ಎರಡು ಉತ್ತರ. ಕಾಣೆಯಾದ ಒಂದು ಆಣೆ ಒಂದು ಅಡಿಕೆ ಮರದ ಜಾಗಕ್ಕಿಂತ ತುಸು ಕಡಿಮೆ. ಒಂಬತ್ತಡಿಗೊಂದರಂತೆ ನೆಟ್ಟರೆ ಮರವೊಂದಕ್ಕೆ 81 ಚದರಡಿ ಬೇಕು. ಗಾತ್ರ ಚಿಕ್ಕದೆಂದು ಬಿಡುವಂತಿಲ್ಲ, ಹಕ್ಕಿನ ದಾಖಲೆಯಲ್ಲಿ ಅದು ಯಾರಿಗೂ ಸೇರದ ನೆಲವಾಗುತ್ತದೆ. ಪರಿಹಾರವಿದೆ. ಬೀಜಗಣಿತದ ತಂತ್ರಾಂಶ ಭಿನ್ನರಾಶಿಯನ್ನು ಭಿನ್ನರಾಶಿಯಾಗಿಯೇ ಇಟ್ಟುಕೊಳ್ಳಬಲ್ಲದು. ಲೆಕ್ಕದೊಳಗೆ ಪಾಲು 897 ಆಣೆ ಮತ್ತು ಮೂರರಲ್ಲೊಂದು ಎಂದೇ ಇರಲಿ, ಇಳಿಸುವುದು ಮುದ್ರಿಸುವಾಗ ಮಾತ್ರ. ಭಾಗಾಕಾರದ ನಿಯಮದಲ್ಲಿ ಇಳಿಸುವುದನ್ನು ಸೇರಿಸಿದ್ದೇ ತೊಂದರೆಯ ಮೂಲ.

ಕೊನೆಗೆ ಬೆಟ್ಟದ ವಿಷಯ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟ ಹೊಂದಿಕೊಂಡಿರುತ್ತದೆ. ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಎಂಬುದು ಬ್ರಿಟಿಷರ ಕಾಲದಿಂದ ಬಂದ ಸೌಲಭ್ಯದ ಲೆಕ್ಕ. ಬೆಟ್ಟದಲ್ಲಿ ತೋಟಿಗನಿಗೆ ಇರುವುದು ಸೊಪ್ಪು, ದರಕು ತರುವ ಹಕ್ಕು, ಒಡೆತನ ಸರ್ಕಾರದ್ದು. ಒಂದು ಪಾಲಿನ ತೋಟ 1-16-1ಕ್ಕೆ ಎಷ್ಟು ಬೆಟ್ಟ? ಒಂಬತ್ತರಿಂದ ಗುಣಿಸಿದರೆ 12-24-9. ಅಂಕೆ ಸರಿ. ಆದರೆ ನಾವು ಬರೆದ ಗುಣಾಕಾರದ ನಿಯಮ ತೋಟವನ್ನು ಗುಣಿಸಿ ತೋಟವನ್ನೇ ಕೊಡುತ್ತದೆ, ಒಬ್ಬನಿಗೆ ಹನ್ನೆರಡೂವರೆ ಎಕರೆ ದಾಟಿದ ತೋಟ ಬಂದಂತಾಗುತ್ತದೆ. ಇಲ್ಲಿ ಬೇಕಾಗಿರುವುದು ಗುಣಾಕಾರವೇ ಅಲ್ಲ, ತೋಟವನ್ನು ಪಡೆದು ಬೆಟ್ಟವನ್ನು ಕೊಡುವ, ಬೇರೆ ಹೆಸರಿನ ಒಂದು ಕ್ರಿಯೆ. ನೆಲವೆಂಬ ವಸ್ತುವಿಗೆ ‘ತೋಟ’, ‘ಬೆಟ್ಟ’ ಎಂಬ ಗುರುತನ್ನು ಅಂಟಿಸಬೇಕು. ಕೂಡುವ ನಿಯಮ ಎರಡೂ ಕಡೆ ಒಂದೇ ಗುರುತು ಇದ್ದಾಗ ಮಾತ್ರ ನಡೆಯಬೇಕು.

ಗುರುತು ಬೇರೆಯಾದರೆ? ‘ತೋಟ(1-16-1) + ಬೆಟ್ಟ(12-24-9)’ ಎಂದು ಕೇಳಿದಾಗ ತಪ್ಪೆಂದು ಕೂಗಿ ನಿಲ್ಲುವ ಅಗತ್ಯವಿಲ್ಲ, ಕೂಡಿಬಿಡುವಂತೆಯೂ ಇಲ್ಲ. ಬೀಜಗಣಿತದ ತಂತ್ರಾಂಶಕ್ಕೆ ಮೂರನೆಯ ದಾರಿ ಇದೆ: ಹೊಂದುವ ನಿಯಮ ಸಿಗದ ಉಕ್ತಿಯನ್ನು ಅದು ಇದ್ದಂತೆಯೇ ಹಿಂದಿರುಗಿಸುತ್ತದೆ. ಈ ಗುಣವನ್ನು ಕೆಡಿಸದಂತೆ ನಿಯಮ ಬರೆಯುವುದರಲ್ಲಿ ಬರೆದವರ ಜಾಣ್ಮೆ ಗೊತ್ತಾಗುತ್ತದೆ. ಹಾಗೆ ಉಳಿದ ಮೊತ್ತಕ್ಕೆ ಇನ್ನೊಬ್ಬರ ತೋಟ, ಬೆಟ್ಟ ಸೇರಿದರೆ ತೋಟ ತೋಟಕ್ಕೆ, ಬೆಟ್ಟ ಬೆಟ್ಟಕ್ಕೆ ಕೂಡಿಕೊಳ್ಳುತ್ತದೆ. ಕಾಡು, ತೋಟ ಎಂಬ ಭೇದ ಬೇಡ, ನಕ್ಷೆಯ ಮೇಲೆ ಎಷ್ಟು ಜಾಗ ಹಿಡಿಯುತ್ತದೆ ಎಂದಷ್ಟೇ ತಿಳಿಯಬೇಕಾದವರು ‘ವಿಸ್ತೀರ್ಣ’ ಎಂಬ ಕ್ರಿಯೆಯನ್ನು ಹೆಸರು ಹಿಡಿದು ಕೇಳಲಿ. ಅದು ಎರಡರ ಗುರುತನ್ನೂ ಕಳಚಿ, ಆಣೆಗೆ ಆಣೆ ಗುಂಟೆಗೆ ಗುಂಟೆ ಸೇರಿಸಿ, 14-0-10 ಎಂದು ಹೇಳುತ್ತದೆ.